ಒರಗಿಕೊಂಡು ಹಾಡುವ ಶಾಸ್ತ್ರ

ಧರ್ಮಗ್ರಂಥಗಳನ್ನು ಎಲ್ಲ ಭಾಷೆಗಳಿಗೂ ತರಬೇಕೆ, ಮೂಲದ ನುಡಿಯಲ್ಲೇ ಬಿಡಬೇಕೆ ಎಂಬ ವಾದ ಇಂದು ನಿನ್ನೆಯದಲ್ಲ. ತರಬೇಕು ಎನ್ನುವವರು ಜನರ ಹಕ್ಕಿನ ಮಾತೆತ್ತುತ್ತಾರೆ. ಬೇಡ ಎನ್ನುವವರು ಪಾವಿತ್ರ್ಯದ ಮಾತೆತ್ತುತ್ತಾರೆ. ಈ ಜಗ್ಗಾಟದಲ್ಲಿ ಇಬ್ಬರೂ ಮರೆಯುವುದು ರುಚಿಯನ್ನು. ಬಂದ ಶಾಸ್ತ್ರ ಆ ಭಾಷೆಯವರ ನಾಲಗೆಗೆ ಹತ್ತಿತೇ, ಬಾಯಿಪಾಠವಾಯಿತೇ, ಕಾಯಿಪಲ್ಯ ಹೆಚ್ಚುವಾಗಲೋ ಬಸ್ಸಿಗೆ ಕಾಯುವಾಗಲೋ ಕರೆಯದೆ ನೆನಪಿಗೆ ಬರುತ್ತದೆಯೇ ಎಂದು ನೋಡದೆ ಈ ವಾದ ತೀರುವಂಥದ್ದಲ್ಲ. ಈ ಪರೀಕ್ಷೆಗೆ ಒಡ್ಡಲು ಕನ್ನಡದಲ್ಲಿ ನನಗೆ ಮೊದಲು ತೋಚುವ ಗ್ರಂಥ ಮಾನವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’.

ಹೆಸರು ಕೇಳಿ, ಇದು ಹರಿಕಥೆಯ ಪುಸ್ತಕವಿರಬೇಕು ಎಂದು ತೆರೆದವರು ಮೊದಲ ಹತ್ತು ಪುಟದಲ್ಲೇ ಬೆರಗಾಗುತ್ತಾರೆ. 32 ಸಂಧಿಗಳ, ಸಾವಿರದ ಹತ್ತಿರ ಹತ್ತಿರ ಪದ್ಯಗಳ ಈ ಗ್ರಂಥದಲ್ಲಿ ಕಥೆ ಎನ್ನುವಂಥ ಕಥೆ ಇಲ್ಲ. ಇರುವುದು ಅಪ್ಪಟ ದ್ವೈತ ವೇದಾಂತ. ಉಡುಪಿಯ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 37 ಗ್ರಂಥಗಳಿಗೆ ಸರ್ವಮೂಲ ಎಂದು ಹೆಸರು. ಅವಕ್ಕೆ ಜಯತೀರ್ಥರ ಟೀಕೆಗಳು, ಆ ಟೀಕೆಗಳಿಗೆ ವ್ಯಾಸರಾಯರಂಥವರ ವಾದಗ್ರಂಥಗಳು, ಅವಕ್ಕೆ ಮತ್ತೆ ಟಿಪ್ಪಣಿಗಳು. ವ್ಯಾಕರಣ, ತರ್ಕ, ಮೀಮಾಂಸೆ ಓದಿ ಅರಗಿಸಿಕೊಳ್ಳದೆ ಅಲ್ಲಿ ಹೊಸಿಲು ದಾಟುವಂತಿಲ್ಲ. ಅಷ್ಟು ದೊಡ್ಡ ಶಾಸ್ತ್ರದ ತಿರುಳನ್ನು ದಾಸರು ಭಾಮಿನೀ ಷಟ್ಪದಿಯ ಆರು ಸಾಲುಗಳಿಗೆ ಇಳಿಸಿದರು. ಹಾಗೆ ಇಳಿದದ್ದು ಎರಡು ಶತಮಾನ ದಾಟಿದರೂ ರಾಯಚೂರು, ಕೊಪ್ಪಳ, ಬಾಗಲಕೋಟೆ, ಧಾರವಾಡಗಳ ಮನೆಗಳಲ್ಲಿ ಇಂದಿಗೂ ಬಾಯಲ್ಲೇ ಉಳಿದಿದೆ.

ಮಾಡಿದವರು ಯಾರು ಎಂಬುದೂ ಸ್ವಾರಸ್ಯದ ಸಂಗತಿ. ಕೃಷ್ಣೆ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲಿ, ಮಾನವಿಯ ಹತ್ತಿರದ ಬ್ಯಾಗವಟ್ಟಿಯಲ್ಲಿ, 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯ. ಆಗ ಆ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯಲ್ಲಿ ಪಾರಸಿ, ಮಠದಲ್ಲಿ ಸಂಸ್ಕೃತ, ಸಂತೆಯಲ್ಲಿ ಕನ್ನಡ ತೆಲುಗು. ಶ್ರೀನಿವಾಸಾಚಾರ್ಯರು ಮಠದ ಭಾಷೆಯಲ್ಲಿ ಪಳಗಿದ ದೊಡ್ಡ ಪಂಡಿತರು. ಕನ್ನಡದ ಪದಗಳನ್ನು ಕಟ್ಟಿ ತಂಬೂರಿ ಹಿಡಿದು ಹಾಡುತ್ತಿದ್ದ ವಿಜಯದಾಸರನ್ನು ಅವರು ಹಗುರವಾಗಿ ಕಂಡರು, ಊಟಕ್ಕೆ ಕರೆದರೆ ನೆಪ ಹೇಳಿ ತಪ್ಪಿಸಿಕೊಂಡರು, ಅದರ ಫಲವಾಗಿ ತಾಳಲಾರದ ಹೊಟ್ಟೆನೋವು ಹತ್ತಿಕೊಂಡಿತು, ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದು ಉಳಿಸಿದರು ಎಂದು ದಾಸಪಂಥದ ಕಥೆ ಹೇಳುತ್ತದೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಅದರ ಒಳಗಿನ ನ್ಯಾಯ ಚೆನ್ನಾಗಿದೆ. ಕನ್ನಡವನ್ನು ಕೀಳೆಂದ ಪಂಡಿತನೇ ‘ಜಗನ್ನಾಥವಿಠಲ’ ಎಂಬ ಅಂಕಿತ ಪಡೆದು, ಕನ್ನಡದಲ್ಲೇ ಶಾಸ್ತ್ರ ಬರೆದು, 1809ರಲ್ಲಿ ಮಾನವಿಯಲ್ಲಿ ದೇಹ ಬಿಟ್ಟ. ಅವರು ಒರಗಿ ಕೂರುತ್ತಿದ್ದ ಕಂಬಕ್ಕೆ ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ಈಗ ಗ್ರಂಥದೊಳಕ್ಕೆ ಹೋಗೋಣ. ಮೊದಲು ಕಿವಿಗೆ ಬೀಳುವುದು ನಡಿಗೆ. ಭಾಮಿನಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆಗಳು ಹೆಜ್ಜೆ ಹಾಕುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರನೆಯದೂ ಆರನೆಯದೂ ಉದ್ದ, 23 ಮಾತ್ರೆ. ಎರಡು ಗಿಡ್ಡ ಸಾಲುಗಳಲ್ಲಿ ಮಾತು ಶುರುವಾಗಿ, ಮೂರನೆಯದರಲ್ಲಿ ಉಸಿರೆಳೆದು ತಂಗುತ್ತದೆ. ಮತ್ತೆ ಎರಡು ಗಿಡ್ಡ ಸಾಲು, ಕೊನೆಗೊಂದು ದೀರ್ಘ ನಿಲುಗಡೆ. ಎಲ್ಲ ಸಾಲುಗಳ ಎರಡನೆಯ ಅಕ್ಷರ ಒಂದೇ ಪ್ರಾಸ. ಕುಮಾರವ್ಯಾಸನೆಂದು ಹೆಸರಾದ ಗದುಗಿನ ನಾರಣಪ್ಪ ಇದೇ ನಡಿಗೆಯಲ್ಲಿ ಭಾರತದ ಹತ್ತು ಪರ್ವಗಳನ್ನು ನಡೆಸಿ ಕನ್ನಡದ ಕಿವಿಗಳನ್ನು ಮೊದಲೇ ಹದ ಮಾಡಿಟ್ಟಿದ್ದ. ಯುದ್ಧಕ್ಕೆ ಒಗ್ಗಿದ ಈ ಛಂದಸ್ಸು ವೇದಾಂತಕ್ಕೂ ಒಗ್ಗೀತೇ ಎಂಬ ಅನುಮಾನ ಸಹಜ. ಒಗ್ಗಿತು. ಸೂತ್ರ, ಭಾಷ್ಯಗಳ ವಾಕ್ಯವನ್ನು ನೆನಪಿಡಬೇಕಾದರೆ ಶ್ರಮಪಡಬೇಕು. ಷಟ್ಪದಿಯನ್ನು ಮರೆಯಬೇಕಾದರೆ ಶ್ರಮಪಡಬೇಕು. ಪ್ರಾಸ ಮುಂದಿನ ಸಾಲನ್ನು ತಾನೇ ಎಳೆದು ತರುತ್ತದೆ.

ಎರಡನೆಯದಾದ ಕರುಣಾ ಸಂಧಿಯಿಂದ ಗ್ರಂಥ ನಿಜವಾಗಿ ಕಣ್ಣು ಬಿಡುತ್ತದೆ. ಈ ಸಂಧಿಯ ಮೊದಲಲ್ಲಿ ದಾಸರು ಹರಿಕಥೆ ಕೇಳುವುದರ ಫಲಗಳನ್ನು ಎಣಿಸುತ್ತಾರೆ. ಪಟ್ಟಿಯ ತಲೆಯಲ್ಲಿ ಮೋಕ್ಷವಿಲ್ಲ, ಪುಣ್ಯವಿಲ್ಲ. ಕೇಳಿದ ಮನಸ್ಸಿಗೆ ಆನಂದ ಎನ್ನುವುದು ಮೊದಲನೆಯ ಫಲ. ಸಂಸಾರದ ದುಃಖ ಕಳೆಯುವುದು, ಮಿಕ್ಕ ಇಹಪರಗಳೆಲ್ಲ ಆಮೇಲೆ. ಶಾಸ್ತ್ರಕಾರನೊಬ್ಬ ರುಚಿಗೆ ಅಗ್ರಸ್ಥಾನ ಕೊಟ್ಟ ಈ ಕ್ರಮ ನನಗೆ ಬಹಳ ಹಿಡಿಸಿದೆ.

ಅದೇ ಸಂಧಿಯಲ್ಲಿ, ಇಡೀ ಗ್ರಂಥದಲ್ಲೇ ಜನರ ಬಾಯಲ್ಲಿ ಹೆಚ್ಚು ಓಡಾಡುವ ಪದ್ಯವೊಂದಿದೆ. ಅದರ ಭಾವ ಇಷ್ಟು. ಭಕ್ತ ಒರಗಿದಲ್ಲೇ ಹಾಡಿಕೊಂಡರೆ ಭಗವಂತ ಪಕ್ಕದಲ್ಲಿ ಕೂತು ಆಲಿಸುತ್ತಾನೆ. ಭಕ್ತ ಎದ್ದು ಕೂತು ಹಾಡಿದರೆ ಅವನು ಎದ್ದುನಿಲ್ಲುತ್ತಾನೆ. ಭಕ್ತ ನಿಂತರೆ ಅವನು ಕುಣಿಯತೊಡಗುತ್ತಾನೆ. ಭಕ್ತನೇ ಕುಣಿದನೋ, ಇನ್ನು ತಾನು ನಿನ್ನವನೇ ಎಂದು ಒಲಿದುಬಿಡುತ್ತಾನೆ. ಭಕ್ತನ ಒಂದೊಂದು ಮೆಟ್ಟಿಲಿಗೂ ದೇವರು ಒಂದು ಮೆಟ್ಟಿಲು ಮುಂದೆ. ಯಜಮಾನ ಕೂತಿದ್ದರೆ ಆಳು ನಿಂತಿರಬೇಕು ಎಂಬ ಲೋಕದ ರೂಢಿ ಇಲ್ಲಿ ಸದ್ದಿಲ್ಲದೆ ತಲೆಕೆಳಗಾಗಿದೆ. ಹಾಡುವವನು ಕೂತರೆ ದೇವರೇ ನಿಂತಿರುತ್ತಾನೆ!

ಈ ಪದ್ಯವನ್ನು ಸಂಸ್ಕೃತದ ಪಾಠಶಾಲೆಯ ಪಕ್ಕದಲ್ಲಿಟ್ಟು ನೋಡಬೇಕು. ವೇದಾಧ್ಯಯನಕ್ಕೆ ಮಡಿಯಿದೆ, ಆಸನವಿದೆ, ಅನಧ್ಯಾಯದ ದಿನಗಳಿವೆ. ಉದಾತ್ತ, ಅನುದಾತ್ತ, ಸ್ವರಿತಗಳಲ್ಲಿ ಒಂದು ಹೆಚ್ಚುಕಡಿಮೆಯಾದರೆ ಗುರು ತಡೆದು ಮತ್ತೆ ಹೇಳಿಸುತ್ತಾನೆ. ಇದನ್ನು ಹಳಿಯುವವನು ನಾನಲ್ಲ. ಪದ, ಕ್ರಮ, ಜಟೆ, ಘನ ಎಂದು ಮಂತ್ರವನ್ನು ಮುಂದೆ ಹಿಂದೆ ಹೆಣೆದು ಹೇಳುವ ಆ ಕಟ್ಟುನಿಟ್ಟಿನಿಂದಲೇ ಮೂರು ಸಾವಿರ ವರ್ಷದ ಹಿಂದಿನ ಶಬ್ದ ಓಲೆಗರಿಯ ಹಂಗಿಲ್ಲದೆ ನಮ್ಮವರೆಗೆ ಬಂದಿದೆ. ಆದರೆ ಆ ವ್ಯವಸ್ಥೆಯಲ್ಲಿ ಒರಗಿಕೊಂಡವರಿಗೆ ಜಾಗವಿಲ್ಲ. ಹಾಸಿಗೆ ಹಿಡಿದ ಮುದುಕಿಗೆ, ಮಗ್ಗುಲಾಗಿ ಕೂಸಿಗೆ ಹಾಲೂಡುತ್ತಿರುವ ಬಾಣಂತಿಗೆ, ದಿನವೆಲ್ಲ ದುಡಿದು ಜಗಲಿಯ ಮೇಲೆ ಬೆನ್ನು ಚಾಚಿದವನಿಗೆ ಅಲ್ಲಿ ಪ್ರವೇಶವಿಲ್ಲ. ಕನ್ನಡಕ್ಕೆ ಬಂದ ಶಾಸ್ತ್ರ ಮೊದಲು ಮಾಡಿದ ಕೆಲಸವೆಂದರೆ ಇವರನ್ನು ಇವರಿದ್ದ ಭಂಗಿಯಲ್ಲೇ ಒಳಗೆ ಕರೆದುಕೊಂಡದ್ದು. ದಾಸರು ಒಂದೇ ಒಂದು ಷರತ್ತು ಹಾಕುತ್ತಾರೆ. ಹಾಡುವುದರಲ್ಲಿ ಆದರವಿರಬೇಕು. ಮೈ ಹೇಗಾದರೂ ಇರಲಿ, ಮನಸ್ಸು ಎದ್ದು ಕೂತಿರಲಿ.

ಇನ್ನೊಂದು ಪದ್ಯದಲ್ಲಿ ಅಮ್ಮನ ಚಿತ್ರವಿದೆ. ಕತ್ತಲ ಮನೆ. ತಾಯಿ ಕಾಣದೆ ಮಗು ಅವಳನ್ನು ನೆನೆನೆನೆದು ಹಂಬಲಿಸುತ್ತಿದೆ. ತಾಯಿ ದೂರ ಹೋಗಿಲ್ಲ. ಅದೇ ಕತ್ತಲಲ್ಲಿ ಮರೆಯಾಗಿ ನಿಂತು, ಮಗುವಿನ ಪಾಡು ನೋಡಿ ಒಳಗೊಳಗೇ ನಗುತ್ತಿದ್ದಾಳೆ. ಸ್ವಲ್ಪ ಹೊತ್ತಾದ ಮೇಲೆ ಬಂದು ಬಾಚಿ ತಬ್ಬಿಕೊಂಡು ಸಮಾಧಾನ ಮಾಡುತ್ತಾಳೆ. ದೇವರು ಎಲ್ಲ ಕಡೆ ಇದ್ದರೂ ಕಾಣುವುದಿಲ್ಲವೇಕೆ ಎಂಬ ಪ್ರಶ್ನೆಗೆ ವೇದಾಂತದಲ್ಲಿ ಪುಟಗಟ್ಟಲೆ ಉತ್ತರಗಳಿವೆ. ಇಲ್ಲಿ ಉತ್ತರ ಆರು ಸಾಲು. ಅದರಲ್ಲೂ ಆ ನಗು ನೋಡಿ. ಅಡಗಿ ನಿಂತ ತಾಯಿ ಕನಿಕರಪಟ್ಟಳು ಎಂದಿದ್ದರೆ ಪದ್ಯ ಸಾಧಾರಣವಾಗುತ್ತಿತ್ತು. ನಗುತ್ತಿದ್ದಳು ಎಂದದ್ದರಿಂದ, ನಮ್ಮ ಗೋಳಾಟದ ಹೊತ್ತಿನಲ್ಲೂ ಗಾಬರಿಯಾಗುವಂಥದ್ದೇನೂ ನಡೆದಿಲ್ಲ ಎಂಬ ಭರವಸೆ ಬಂತು. ಮಕ್ಕಳಿದ್ದ ಮನೆಯಲ್ಲಿ ದಿನಾ ನಡೆಯುವ ಆಟವನ್ನು ಕಂಡವರು ಮಾತ್ರ ಬರೆಯಬಹುದಾದ ಪದ್ಯವಿದು.

ಶಾಸ್ತ್ರ ಭಾಷೆ ಬದಲಿಸುವಾಗ ಏನಾಗುತ್ತದೆ ಎಂಬುದಕ್ಕೆ ಆರನೆಯ, ಪಂಚಮಹಾಯಜ್ಞ ಸಂಧಿಯ ಆರಂಭ ಒಳ್ಳೆಯ ನಿದರ್ಶನ. ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಪಂಚಾಗ್ನಿವಿದ್ಯೆ ಬರುತ್ತದೆ. ಶ್ವೇತಕೇತುವಿನ ತಂದೆಗೆ ಪ್ರವಾಹಣನೆಂಬ ರಾಜ ಹೇಳಿಕೊಡುವ ವಿದ್ಯೆಯದು. ಜೀವ ಹೇಗೆ ಹುಟ್ಟಿಬರುತ್ತದೆ ಎಂಬುದನ್ನು ಅಲ್ಲಿ ಐದು ಅಗ್ನಿಗಳ ಸಾಲಾಗಿ ಹೇಳಿದೆ. ಮೊದಲು ದ್ಯುಲೋಕ, ಆಮೇಲೆ ಮಳೆಮೋಡ, ಭೂಮಿ, ಗಂಡು, ಕೊನೆಗೆ ಹೆಣ್ಣು. ಉಪನಿಷತ್ತು ಆಕಾಶದಿಂದ ಹೊರಟು ಗರ್ಭಕ್ಕೆ ಇಳಿಯುತ್ತದೆ. ಜಗನ್ನಾಥದಾಸರು ಅವೇ ಐದನ್ನು ಹೇಳುತ್ತಾರೆ, ಆದರೆ ತಾಯಿಯಿಂದ ಶುರುಮಾಡುತ್ತಾರೆ. ತಾಯಿ, ತಂದೆ, ಭೂಮಿ, ಮೋಡ, ಆಕಾಶ. ಸಾಲು ಪೂರ್ತಿ ತಿರುಗಿ ನಿಂತಿದೆ. ಛಂದಸ್ಸಿನ ಅನುಕೂಲಕ್ಕೆ ಹೀಗೆ ಮಾಡಿರಬಹುದು. ಕಾರಣ ಏನೇ ಇರಲಿ, ಫಲ ಮಾತ್ರ ಸೊಗಸಾಗಿದೆ. ಉಪನಿಷತ್ತನ್ನು ಓದುವ ಋಷಿಕುಮಾರನಿಗೆ ಆಕಾಶ ಹತ್ತಿರವಿತ್ತೇನೋ. ಅಡುಗೆಮನೆಯ ಹೊಸಿಲಲ್ಲಿ ಕೂತು ಕೇಳುವವಳಿಗೆ ಹತ್ತಿರವಿರುವುದು ತಾಯಿ. ಅಲ್ಲಿಂದ ಕೈಹಿಡಿದು ಏರಿಸಿಕೊಂಡು ಹೋದರೆ ಆಕಾಶವೂ ನೆಂಟರ ಮನೆಯಷ್ಟೇ ದೂರ. ಮಾತಿಗೆ ಮಾತು ಜೋಡಿಸುವ ಅನುವಾದದಲ್ಲಿ ಈ ತಿರುವು ಬರುತ್ತಿರಲಿಲ್ಲ. ಅಲ್ಲಿ ಕ್ರಮ ತಪ್ಪಿತೆಂದು ಯಾರಾದರೂ ತಿದ್ದಿಬಿಡುತ್ತಿದ್ದರು.

ಅಡುಗೆಮನೆಯ ಮಾತು ಬಂದಿತಲ್ಲ, 31ನೆಯದಾದ ನೈವೇದ್ಯ ಸಂಧಿಯನ್ನು ನೋಡದೆ ಹೋಗುವಂತಿಲ್ಲ. ಎಲೆಯ ಮೇಲಿನ ಒಂದೊಂದು ಪದಾರ್ಥಕ್ಕೂ ಒಬ್ಬೊಬ್ಬ ಅಭಿಮಾನಿ ದೇವತೆ, ಆ ದೇವತೆಯೊಳಗೆ ಭಗವಂತನ ಒಂದೊಂದು ರೂಪ. ಅನ್ನದಲ್ಲಿ ಚಂದ್ರ, ಅವನೊಳಗೆ ಕೇಶವ. ಪಾಯಸದಲ್ಲಿ ಭಾರತೀದೇವಿ, ನಾರಾಯಣ. ಭಕ್ಷ್ಯಗಳಲ್ಲಿ ಸೂರ್ಯ, ಮಾಧವ. ತುಪ್ಪದಲ್ಲಿ ಲಕ್ಷ್ಮಿ, ಗೋವಿಂದ. ಹಾಲಿನಲ್ಲಿ ಸರಸ್ವತಿ, ವಿಷ್ಣು. ಮಂಡಿಗೆಯಲ್ಲಿ ಬ್ರಹ್ಮ, ಮಧುಸೂದನ. ಬೆಣ್ಣೆಯಲ್ಲಿ ವಾಯು, ತ್ರಿವಿಕ್ರಮ. ಹೀಗೆ ಮೊಸರು, ಬೇಳೆ, ಸೊಪ್ಪಿನ ಪಲ್ಯ, ಕಾಯಿಪಲ್ಯ, ಹುಳಿ ಎಂದು ಪಟ್ಟಿ ಸಾಗುತ್ತದೆ. ತತ್ವವಾಗಿ ಹೇಳಿದರೆ, ಜಡವಸ್ತುಗಳ ಒಳಗೂ ದೇವತೆಗಳ ಮೂಲಕ ಭಗವಂತ ನಿಯಾಮಕನಾಗಿದ್ದಾನೆ ಎಂಬ ಒಣ ಮಾತು. ಪಟ್ಟಿಯಾಗಿ ಹಾಡಿದರೆ ಅದು ಬಡಿಸುವವಳ ಕೈಯ ಲೆಕ್ಕ. ಹಬ್ಬದ ದಿನ ನೂರು ಎಲೆಗೆ ಬಡಿಸುತ್ತ ಹೋಗುವ ಹೆಂಗಸು, ತುಪ್ಪದ ಗಿಂಡಿ ಹಿಡಿದಾಗ ಗೋವಿಂದ, ಪಾಯಸದ ಸೌಟು ಹಿಡಿದಾಗ ನಾರಾಯಣ ಎಂದುಕೊಳ್ಳುತ್ತ ಹೋದರೆ ಅವಳ ಪೂಜೆ ಅಲ್ಲೇ ಮುಗಿಯಿತು. ಹೆಸರಿಸಿದ ಖಾದ್ಯಗಳಲ್ಲಿ ಮಂಡಿಗೆ ಇರುವುದನ್ನೂ ಗಮನಿಸಬೇಕು. ಹಾಳೆಯಷ್ಟು ತೆಳ್ಳಗೆ ಕೈಯ ಮೇಲೆ ಹರಡಿ ಬೇಯಿಸುವ ಆ ಸಿಹಿ ಬೆಳಗಾವಿ ಸೀಮೆಯ ಮದುವೆ ಮನೆಗಳ ಹೆಮ್ಮೆ. ಚತುರ್ಮುಖ ಬ್ರಹ್ಮನಿಗೆ ಅದಕ್ಕಿಂತ ಒಳ್ಳೆಯ ಬಿಡಾರ ಸಿಗುವುದು ಕಷ್ಟ.

ಶ್ವಾಸ ಸಂಧಿಯಲ್ಲಿ ಲೆಕ್ಕವೇ ಕಾವ್ಯವಾಗಿದೆ. ಒಂದು ಘಳಿಗೆಗೆ 360 ಉಸಿರು, ದಿನದ 60 ಘಳಿಗೆಗೆ 21,600. ಅಷ್ಟೂ ಉಸಿರುಗಳು ಪ್ರಾಣದೇವರು ನಮ್ಮೊಳಗೆ ಕೂತು ಮಾಡುವ ಜಪ ಎಂಬುದು ಪದ್ಯದ ಮಾತು. ಘಳಿಗೆಯೆಂದರೆ 24 ನಿಮಿಷ. ಹಾಗಾದರೆ ನಿಮಿಷಕ್ಕೆ 15 ಉಸಿರು. ಇಂದಿನ ವೈದ್ಯರು ಆರೋಗ್ಯವಂತನಿಗೆ ಹೇಳುವ ಲೆಕ್ಕದ ಒಳಗೇ ಇದು ಬರುತ್ತದೆ. ಲೆಕ್ಕ ಸರಿ ಬಂದದ್ದಕ್ಕಿಂತ ಹೆಚ್ಚಿನ ಸೊಗಸು ಇನ್ನೊಂದಿದೆ. ಈ ಜಪಕ್ಕೆ ಅಕ್ಷರ ಬರಬೇಕಿಲ್ಲ, ಉಪದೇಶ ಬೇಕಿಲ್ಲ, ಎಚ್ಚರವೂ ಬೇಕಿಲ್ಲ. ನಿದ್ದೆಹೋದವನಲ್ಲೂ ಅದು ನಡೆದೇ ಇರುತ್ತದೆ. ಉಸಿರಾಡುವವರೆಲ್ಲ ಜಪ ಮಾಡುತ್ತಿದ್ದಾರೆ ಎಂದ ಮೇಲೆ ಯಾವ ಭಾಷೆಯವರನ್ನು ಹೊರಗಿಡುವುದು?

ಇಷ್ಟು ಹೇಳಿದ್ದರಿಂದ ಇದು ಸುಲಭದ ಗ್ರಂಥ ಎಂಬ ಭಾವನೆ ಬರಬಾರದು. ಬಿಂಬ, ಅಪರೋಕ್ಷ, ತಾರತಮ್ಯ, ದತ್ತಸ್ವಾತಂತ್ರ್ಯ ಮುಂತಾದ ಪಾರಿಭಾಷಿಕ ಪದಗಳನ್ನು ದಾಸರು ಮುಟ್ಟದೆ ಹಾಗೆಯೇ ಇಟ್ಟಿದ್ದಾರೆ. ಮಾತೃಕಾ ಸಂಧಿ, ನಾಡೀಪ್ರಕರಣ ಸಂಧಿಗಳಂಥ ಕಡೆ ಗುರುಮುಖವಿಲ್ಲದೆ ಹೆಜ್ಜೆ ಊರುವುದಕ್ಕಾಗುವುದಿಲ್ಲ. ಹಾಗಾಗಿಯೇ ಇದರ ಸುತ್ತ ಪಾಠ ಪ್ರವಚನಗಳ ಪರಂಪರೆಯೇ ಬೆಳೆಯಿತು. ಸಂಜೆ ಮಠದಲ್ಲಿ ಆಚಾರ್ಯರು ಪದ್ಯವನ್ನು ರಾಗವಾಗಿ ಹೇಳಿ, ‘ದಾಸರಾಯರು ಇಲ್ಲೆ ಏನು ಅಪ್ಪಣೆ ಕೊಡಿಸ್ಯಾರ ಅಂದ್ರ…’ ಎಂದು ಶುರುಮಾಡಿದರೆ ಒಂದು ಷಟ್ಪದಿಗೆ ಒಂದು ಸಂಜೆ ಸಾಲುವುದಿಲ್ಲ. ಕೇಳುವವರಲ್ಲಿ ಹೆಚ್ಚಿನವರಿಗೆ ಪದ್ಯ ಮೊದಲೇ ಬಾಯಿಗೆ ಬಂದಿರುತ್ತದೆ, ಅರ್ಥ ಈಗ ಬರುತ್ತದೆ. ಮೊದಲು ನಾಲಗೆ, ಆಮೇಲೆ ಬುದ್ಧಿ. ಈಗಂತೂ ಭಜನಾಮಂಡಳಿಯ ಹೆಂಗಸರು ದೂರದ ಊರುಗಳಲ್ಲಿ, ಹೊರದೇಶಗಳಲ್ಲಿ ಕೂತು ಮೊಬೈಲಿನ ಪರದೆಯಲ್ಲಿ ಒಟ್ಟು ಸೇರಿ ಸಂಧಿ ಹೇಳಿಕೊಳ್ಳುತ್ತಾರೆ.

ಭಾಷಾಂತರದಿಂದ ಶಾಸ್ತ್ರ ತೆಳುವಾಗುತ್ತದೆ ಎಂಬ ಪಂಡಿತರ ಭಯಕ್ಕೆ ಈ ಗ್ರಂಥವೇ ಜವಾಬು. ಇದಕ್ಕೆ ಕನ್ನಡದಲ್ಲಿ ವ್ಯಾಖ್ಯಾನಗಳು ಹುಟ್ಟಿದವು. ಅಷ್ಟಕ್ಕೇ ನಿಲ್ಲದೆ ಸಂಸ್ಕೃತದಲ್ಲೂ ಹುಟ್ಟಿದವು. ಸಂಸ್ಕೃತದ ಮೂಲಕ್ಕೆ ಕನ್ನಡದ ಟೀಕೆ ಎಲ್ಲರೂ ಕಂಡದ್ದು. ಕನ್ನಡದ ಮೂಲಕ್ಕೆ ಸಂಸ್ಕೃತದ ಟೀಕೆ ಬಂದಾಗ, ಅನುವಾದವೆಂದು ಹೊರಟದ್ದು ತಾನೇ ಮೂಲವಾಗಿ ಕೂತಿತು ಎನ್ನಬೇಕು. ದಾಸರಿಗೆ ಈ ಧೈರ್ಯ ಮೊದಲೇ ಇತ್ತು. ಕನ್ನಡವನ್ನು ಪ್ರಾಕೃತದ ಮಾತೆಂದು ಹೀಗಳೆಯುವವರನ್ನು ಅವರು ಗ್ರಂಥದೊಳಗೇ ತರಾಟೆಗೆ ತೆಗೆದುಕೊಂಡಿದ್ದಾರೆ. ಭಗವಂತನ ಗುಣಗಳು ತುಂಬಿದ ಮೇಲೆ ಅದನ್ನು ಬರೀ ಪ್ರಾಕೃತವೆನ್ನುವುದೆಂತು, ಸಜ್ಜನರಿಗೆ ಸಂಸ್ಕೃತದ ಸಡಗರವೇಕೆ ಎಂಬುದು ಅವರ ವಾದದ ಸಾರ. ಸಂಸ್ಕೃತದಲ್ಲಿ ಮುಳುಗಿ ಎದ್ದವರು ಆಡಿದ ಮಾತಾದ್ದರಿಂದ ಅದಕ್ಕೆ ತೂಕ.

ಈ ಧೈರ್ಯಕ್ಕೆ ದೊಡ್ಡ ವಂಶಾವಳಿಯಿದೆ. ಬ್ರಾಹ್ಮಣ ಮೂಲದ ಇಬ್ಬರು ಭಿಕ್ಷುಗಳು ಬಂದು, ಬುದ್ಧನ ಮಾತುಗಳನ್ನು ವೇದದ ಛಂದಸ್ಸಿಗೆ ಕಟ್ಟುತ್ತೇವೆ ಎಂದಾಗ ಅವನು ಒಪ್ಪದೆ, ಅವರವರ ನುಡಿಯಲ್ಲೇ ಕಲಿಯಲಿ ಎಂದ ಪ್ರಸಂಗ ವಿನಯಪಿಟಕದಲ್ಲಿದೆ. ಜ್ಞಾನೇಶ್ವರರು 1290ರಲ್ಲಿ ಗೀತೆಯ 700 ಶ್ಲೋಕಗಳನ್ನು ಸುಮಾರು 9,000 ಮರಾಠಿ ಓವಿಗಳಿಗೆ ಹಿಗ್ಗಿಸಿದರು. ನಮ್ಮ ಕುಮಾರವ್ಯಾಸ ಅದೇ ಗೀತೆಯನ್ನು ಭೀಷ್ಮಪರ್ವದಲ್ಲಿ ಬಹಳ ಅಡಕವಾಗಿ ಮುಗಿಸಿ ಮುಂದೆ ನಡೆದ. ಒಬ್ಬರು ಹಿಗ್ಗಿಸಿದರು, ಇನ್ನೊಬ್ಬರು ಕುಗ್ಗಿಸಿದರು. ಎರಡೂ ಕಡೆ ಜನ ಅದನ್ನು ತಮ್ಮದೆಂದುಕೊಂಡರು.

ಬೇರೆ ಧರ್ಮಗಳವರು ಬೇರೆ ದಾರಿ ಹಿಡಿದಿದ್ದಾರೆ. ಮುಸ್ಲಿಮರು ಅರಬ್ಬಿಯ ಕುರ್‌ಆನನ್ನು ಮಾತ್ರ ಕುರ್‌ಆನ್ ಎನ್ನುತ್ತಾರೆ. ಕನ್ನಡದಲ್ಲಿ ಸಿಗುವುದು ಅದರ ಅರ್ಥಾನುವಾದ. ನಮಾಜಿನಲ್ಲಿ ಅರಬ್ಬಿಯೇ, ಮನೆಯಲ್ಲಿ ತಿಳಿಯಲು ಕನ್ನಡ. ನಾದವೂ ಉಳಿಯಿತು, ತಿಳಿವಳಿಕೆಯೂ ಒದಗಿತು. ಜಯಚಾಮರಾಜ ಒಡೆಯರ ಆಶ್ರಯದಲ್ಲಿ ಕನ್ನಡ ಅರ್ಥದೊಡನೆ 36 ಸಂಪುಟಗಳಲ್ಲಿ ಹೊರಬಂದ ಋಗ್ವೇದ ಸಂಹಿತೆಯೂ ಇಂಥದೇ ಏರ್ಪಾಡು. ಅದನ್ನು ಯಾರೂ ಹಾಡುವುದಿಲ್ಲ, ನೋಡಿಕೊಳ್ಳುತ್ತಾರೆ. ಕ್ರೈಸ್ತರಲ್ಲಿ ಭಾಷಾಂತರವಾದದ್ದೇ ಗ್ರಂಥ. ಅದಕ್ಕಾಗಿ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲನನ್ನು 1536ರಲ್ಲಿ ಕತ್ತು ಬಿಗಿದು ಸುಟ್ಟರು. ಕನ್ನಡಕ್ಕೆ ಬೈಬಲ್ ಬಂದದ್ದು ಬಳ್ಳಾರಿಯ ಮೂಲಕ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿತ್ತು.

ಅವರಿಗಿಂತ ಎರಡು ಶತಮಾನ ಮೊದಲೇ ಗೋವೆಯಲ್ಲಿ ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಇನ್ನೊಂದು ಕೆಲಸ ಮಾಡಿದ್ದ. ಬೈಬಲಿನ ಕಥೆಗಳನ್ನು ಮರಾಠಿಯ ಓವಿ ಛಂದಸ್ಸಿನಲ್ಲಿ ಪುರಾಣವಾಗಿ ಕಟ್ಟಿ 1616ರಲ್ಲಿ ‘ಕ್ರಿಸ್ತಪುರಾಣ’ವನ್ನು ಹೊರತಂದ. ಜ್ಞಾನೇಶ್ವರರ ಓವಿಯಲ್ಲಿ ಏಸುವಿನ ಕಥೆ! ಮಂಗಳೂರಿನ ಕೊಂಕಣಿ ಕ್ರೈಸ್ತರು ಅದನ್ನು ತಲೆಮಾರುಗಳ ಕಾಲ ಹಾಡಿಕೊಂಡರು. 1907ರಲ್ಲಿ ಅದರ ಪರಿಷ್ಕೃತ ಮುದ್ರಣ ಬಂದದ್ದೂ ಮಂಗಳೂರಿನಲ್ಲೇ. ದಾಸರೂ ಈ ಪಾದ್ರಿಯೂ ಒಬ್ಬರನ್ನೊಬ್ಬರು ಕಂಡವರಲ್ಲ, ಕೇಳಿದವರಲ್ಲ. ಆದರೂ ಒಂದೇ ಗುಟ್ಟು ಇಬ್ಬರಿಗೂ ತಿಳಿದಿತ್ತು. ಜನ ಆಗಲೇ ಹಾಡುತ್ತಿರುವ ಧಾಟಿಯಲ್ಲಿ ಶಾಸ್ತ್ರ ಬರಬೇಕು. ಜಗನ್ನಾಥದಾಸರು ಷಟ್ಪದಿಗೇ ನಿಲ್ಲಲಿಲ್ಲ. ಹೆಂಗಸರು ಕೆಲಸದ ಹೊತ್ತಿನಲ್ಲಿ ಹಾಡಿಕೊಳ್ಳುವ ಸುವ್ವಿಯ ಧಾಟಿಯಲ್ಲೂ ವೇದಾಂತ ತುಂಬಿ ‘ತತ್ವಸುವ್ವಾಲಿ’ ಬರೆದರು.

ಒಂದು ಮಾತನ್ನು ಮರೆಮಾಚಬಾರದು. ಭಾಷೆ ಬದಲಾದ ಮಾತ್ರಕ್ಕೆ ಶಾಸ್ತ್ರದ ಮನಸ್ಸು ಬದಲಾಗುವುದಿಲ್ಲ. ಹರಿಕಥಾಮೃತಸಾರದಲ್ಲಿ ತಾರತಮ್ಯದ ಸಂಧಿಗಳೇ ಹಲವು. ದೇವತೆಗಳಿಂದ ದೈತ್ಯರವರೆಗೆ ಎಲ್ಲರಿಗೂ ಅಲ್ಲಿ ಮೇಲುಕೀಳಿನ ಕಟ್ಟಳೆಯಿದೆ. ಅದನ್ನು ಮೆಚ್ಚದವರು ಮೆಚ್ಚಬೇಕಾಗಿಲ್ಲ. ಆದರೆ ಅದನ್ನು ಮೆಚ್ಚುವುದಿಲ್ಲ ಎಂದು ಹೇಳಲಿಕ್ಕಾದರೂ ಅದು ನಮ್ಮ ಭಾಷೆಯಲ್ಲಿ ಇರಬೇಕು. ತಿಳಿಯದ ಭಾಷೆಯ ಶಾಸ್ತ್ರಕ್ಕೆ ಕೈಮುಗಿಯಬಹುದು ಇಲ್ಲವೆ ಬೆನ್ನು ತಿರುಗಿಸಬಹುದು, ಅದರ ಜತೆ ವಾದ ಮಾಡಲಾಗುವುದಿಲ್ಲ. ಇನ್ನೊಂದು ಸಂಗತಿ. ಶಾಸ್ತ್ರವೆಲ್ಲ ಮೇಲಿನಿಂದಲೇ ಇಳಿದು ಬರಬೇಕೆಂದೂ ಇಲ್ಲ. ಶರಣರ ವಚನಗಳು ಕನ್ನಡದಲ್ಲೇ ಹುಟ್ಟಿ ಈಗ ಬೇರೆ ಭಾಷೆಗಳಿಗೆ ಹೋಗುತ್ತಿವೆ. ಮಲೆ ಮಹದೇಶ್ವರನ, ಮಂಟೇಸ್ವಾಮಿಯ ಕಾವ್ಯಗಳನ್ನು ಹಾಡುವ ನೀಲಗಾರರು, ಕಂಸಾಳೆಯವರು ಯಾವ ಅನುವಾದಕ್ಕೂ ಕಾದವರಲ್ಲ.

ಹಾಗಾದರೆ ಎಲ್ಲ ಭಾಷೆಗಳಿಗೂ ತರಬೇಕೆ? ತರಬೇಕು, ಚಿಕ್ಕ ಭಾಷೆ ದೊಡ್ಡ ಭಾಷೆ ಎಂದು ನೋಡದೆ ತರಬೇಕು. ಮಧ್ವಾಚಾರ್ಯರು ಹುಟ್ಟಿದ ಪಾಜಕದ ಸುತ್ತಲಿನ ಮನೆಮಾತು ತುಳು. ಆ ತುಳುವಿನಲ್ಲಿ ವಿಷ್ಣುತುಂಗನೆಂಬ ಕವಿ ಭಾಗವತ ಬರೆದಿದ್ದ, ಅರುಣಾಬ್ಜನೆಂಬವನು ಮಹಾಭಾರತ ಬರೆದಿದ್ದ. ಓಲೆಗರಿಗಳಲ್ಲಿ ಮಲಗಿದ್ದ ಇಂಥ ತುಳು ಕಾವ್ಯಗಳನ್ನು ಹುಡುಕಿ ಬೆಳಕಿಗೆ ತರುವುದರಲ್ಲಿ ವೆಂಕಟರಾಜ ಪುಣಿಂಚತ್ತಾಯರು ಆಯುಷ್ಯ ಸವೆಸಿದರು. ಅವು ಕೈಗೆ ಸಿಗುವವರೆಗೆ ತುಳುವಿನಲ್ಲಿ ಹಳೆಯ ಗ್ರಂಥಗಳೇ ಇಲ್ಲ ಎಂದು ತಿಳಿದವರು ಬಹಳ ಮಂದಿಯಿದ್ದರು. ಬ್ಯಾರಿಯಲ್ಲಿ, ಕೊಡವದಲ್ಲಿ, ಲಂಬಾಣಿಯಲ್ಲಿ, ಸೋಲಿಗರ ನುಡಿಯಲ್ಲಿ ಈ ಕೆಲಸ ಮಾಡಬೇಕಾದವರು ಆ ಮಾತನ್ನು ತಾಯಿಯಿಂದ ಕಲಿತವರು. ಅವರಿಗೆ ನನ್ನ ಬಿನ್ನಹ ಇಷ್ಟೆ. ನಿಘಂಟನ್ನು ಪಕ್ಕಕ್ಕಿಟ್ಟು ಮೊದಲು ನಿಮ್ಮ ಅಜ್ಜಿಯಂದಿರ ಹಾಡಿನ ಧಾಟಿ ಹಿಡಿಯಿರಿ. ನಿಮ್ಮ ಒಲೆಯ ಮೇಲೆ ಬೇಯುವ ಪದಾರ್ಥಗಳ ಹೆಸರನ್ನು ನಾಚಿಕೆಯಿಲ್ಲದೆ ಒಳಗೆ ತನ್ನಿ. ಬದಲಿ ಪದ ಸಿಗದ ಕಡೆ ಮೂಲದ ಪದವನ್ನೇ ಉಳಿಸಿಕೊಳ್ಳಿ. ನೀವು ಬರೆದದ್ದನ್ನು ಅಕ್ಷರ ಬಾರದ ಒಬ್ಬರು ಕೇಳಿ, ಮರುದಿನ ಕೆಲಸದ ನಡುವೆ ತಾವಾಗಿ ಹಾಡಿಕೊಂಡರೆ ಶಾಸ್ತ್ರ ನಿಮ್ಮ ಭಾಷೆಗೆ ಬಂದಿತೆಂದು ತಿಳಿಯಿರಿ. ಇಲ್ಲವಾದರೆ ಇನ್ನೊಮ್ಮೆ ಬರೆಯಿರಿ.